ಹೆಸರಿಡುವ ಮಾತು, ಕೇಳಿಸಿಕೊಳ್ಳುವ ಮಾತು: ಕನ್ನಡ ವಾಕ್ಯದಲ್ಲಿ ತೀರ್ಪು ಮತ್ತು ಸಹಾನುಭೂತಿ

1

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಉದ್ಧರಿಸುವವರು ಅದರ ಎರಡನೆಯ ಭಾಗವನ್ನು ಸಾಮಾನ್ಯವಾಗಿ ವಾಕ್ಚಾತುರ್ಯದ ಪ್ರಶಂಸೆಯೆಂದು ತಿಳಿಯುತ್ತಾರೆ. ಆದರೆ ಗಾದೆಯ ಒತ್ತು ‘ಬಲ್ಲ’ ಎಂಬ ಮಾತಿನ ಮೇಲಿದೆ. ಹಿತಮಿತವಾಗಿ ಉಣ್ಣುವುದು ಹೇಗೆ ಹುಟ್ಟಿನಿಂದ ಬರುವುದಲ್ಲವೋ ಹಾಗೆಯೇ ಇನ್ನೊಬ್ಬರನ್ನು ನೋಯಿಸದೆ, ತಾನೂ ಮುಚ್ಚಿಟ್ಟುಕೊಳ್ಳದೆ ಮಾತನಾಡುವುದು ಕೂಡ ಕಲಿತು ಬರಬೇಕಾದ ಸಂಗತಿ ಎಂಬ ತಿಳಿವಳಿಕೆ ಅದರಲ್ಲಿ ಅಡಗಿದೆ. ಈ ಕಲಿಕೆಯ ಸ್ವರೂಪವೇನು, ಕನ್ನಡದ ವಾಕ್ಯರಚನೆ ಅದಕ್ಕೆ ಎಲ್ಲಿ ನೆರವಾಗುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನು ಇಪ್ಪತ್ತನೆಯ ಶತಮಾನದ ಮನೋವಿಜ್ಞಾನ ವಿಶೇಷವಾಗಿ ಚರ್ಚಿಸಿದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1951ರಲ್ಲಿ ಮಂಡಿಸಿದ ಒಂದು ಪ್ರಬಂಧದಲ್ಲಿ, ಎದುರಿನವನ ಮಾತನ್ನು ಕೇಳಿದೊಡನೆ ಅದನ್ನು ತೂಗಿ, ಒಪ್ಪಿ ಅಥವಾ ತಳ್ಳಿಹಾಕುವ ಸಹಜ ಪ್ರವೃತ್ತಿಯೇ ಸಂವಹನಕ್ಕೆ ಇರುವ ಮುಖ್ಯ ಅಡ್ಡಿ ಎಂದು ವಾದಿಸಿದನು. ಅವನು ಸೂಚಿಸಿದ ಅಭ್ಯಾಸವೂ ಸರಳವಾದದ್ದು. ವಾದಕ್ಕೆ ಇಳಿದ ಇಬ್ಬರಲ್ಲಿ ಯಾರೇ ಆಗಲಿ ತನ್ನ ಮಾತನ್ನು ಆಡುವ ಮೊದಲು, ಎದುರಿನವನು ಹೇಳಿದ್ದನ್ನೂ ಅದರ ಹಿಂದಿನ ಭಾವವನ್ನೂ ಅವನಿಗೆ ಒಪ್ಪಿಗೆಯಾಗುವಂತೆ ಮರಳಿ ಹೇಳಬೇಕು. ಕೇಳಲು ಸುಲಭವೆನಿಸುವ ಈ ನಿಯಮ ಆಚರಣೆಯಲ್ಲಿ ಅತ್ಯಂತ ಕಷ್ಟದ್ದೆಂದು ರೋಜರ್ಸನೇ ಎಚ್ಚರಿಸಿದ್ದಾನೆ. ಅವನ ಪ್ರಭಾವದಲ್ಲಿ ಬೆಳೆದ ಮಾರ್ಷಲ್ ರೋಸೆನ್‌ಬರ್ಗ್ (1934–2015) ಈ ವಿಚಾರವನ್ನು ಗಾಂಧೀಜಿಯ ಅಹಿಂಸೆಯ ಕಲ್ಪನೆಯೊಂದಿಗೆ ಜೋಡಿಸಿ, 1999ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಹಿಂಸಾತ್ಮಕ ಸಂವಹನದ ನಾಲ್ಕು ಹೆಜ್ಜೆಗಳನ್ನು ವಿವರಿಸಿದನು: ನಡೆದದ್ದನ್ನು ಬೆಲೆಕಟ್ಟದೆ ಹೇಳುವುದು, ಅದರಿಂದ ತನ್ನಲ್ಲಿ ಮೂಡಿದ ಭಾವವನ್ನು ಹೇಳುವುದು, ಆ ಭಾವದ ಹಿಂದಿರುವ ಅಗತ್ಯವನ್ನು ಗುರುತಿಸುವುದು, ಕೊನೆಗೆ ನಿರ್ದಿಷ್ಟವಾದ ಒಂದು ಕೋರಿಕೆಯನ್ನು ಮುಂದಿಡುವುದು.

ಇಂಗ್ಲಿಷಿನ ವಾಕ್ಯಗಳನ್ನು ಮಾದರಿಯಾಗಿಟ್ಟುಕೊಂಡ ಈ ಹೆಜ್ಜೆಗಳನ್ನು ಕನ್ನಡಕ್ಕೆ ಪದಶಃ ಇಳಿಸಿದರೆ ಒಂದು ಬಗೆಯ ಕೃತಕತೆ ಉಂಟಾಗುತ್ತದೆ. ಮನೆಯಲ್ಲಿ ಯಾರೂ ಆಡದ ಮಾತು ಅದು. ಹೀಗಾಗಿ, ಸಹಾನುಭೂತಿಯ ಮಾತು ಹೊರಗಿನಿಂದ ತಂದು ಕಲಿಸಬೇಕಾದ ಒಂದು ತಂತ್ರವೇ ಅಥವಾ ಕನ್ನಡದ ಒಡಲಿನಲ್ಲಿಯೇ ಅದರ ವ್ಯಾಕರಣ ಇದೆಯೇ ಎಂಬ ಪ್ರಶ್ನೆ ಏಳುತ್ತದೆ.

ಪರಿಭಾಷೆಯ ಬಗೆಗೆ ಒಂದು ಮಾತು. ಜರ್ಮನ್ ಸೌಂದರ್ಯಮೀಮಾಂಸೆಯ ‘ಐನ್‌ಫ್ಯೂಲುಂಗ್’ ಎಂಬ ಪದಕ್ಕೆ ಸಂವಾದಿಯಾಗಿ ಟಿಚನರ್ ಎಂಬ ಮನೋವಿಜ್ಞಾನಿ 1909ರಲ್ಲಿ ‘ಎಂಪತಿ’ ಎಂಬ ಇಂಗ್ಲಿಷ್ ಪದವನ್ನು ರೂಪಿಸಿದನು. ಇದಕ್ಕೆ ಕನ್ನಡದಲ್ಲಿ ಪರಾನುಭೂತಿ, ಸಮಾನುಭೂತಿ, ತಾದಾತ್ಮ್ಯ ಮುಂತಾದ ಪದಗಳು ಬಳಕೆಯಲ್ಲಿವೆ. ಯಾವುದೂ ಪೂರ್ತಿ ನೆಲೆಯೂರಿಲ್ಲ. ಇಲ್ಲಿ ಹೆಚ್ಚು ಪರಿಚಿತವಾದ ‘ಸಹಾನುಭೂತಿ’ಯನ್ನೇ ಬಳಸಲಾಗಿದೆ, ಆದರೆ ಸಂತಾಪ ಸೂಚಕ ಸಭೆಗಳಲ್ಲಿ ವ್ಯಕ್ತಪಡಿಸುವ ಸಹಾನುಭೂತಿಯ ಅರ್ಥದಲ್ಲಿ ಅಲ್ಲ, ಇನ್ನೊಬ್ಬರ ಅನುಭವವನ್ನು ಅವರ ನೆಲೆಯಿಂದ ಗ್ರಹಿಸುವುದು ಎಂಬ ಮೂಲಾರ್ಥದಲ್ಲಿ.

2

ತೀರ್ಪಿನ ಮಾತು ಕನ್ನಡದಲ್ಲಿ ಹೇಗೆ ರೂಪುಗೊಳ್ಳುತ್ತದೆ? ‘ಅವನು ಸೋಮಾರಿ’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಇದರಲ್ಲಿ ಕ್ರಿಯಾಪದವಿಲ್ಲ. ಕ್ರಿಯಾಪದವಿಲ್ಲದ್ದರಿಂದ ಕಾಲವೂ ಇಲ್ಲ. ಅವನು ನಿನ್ನೆ ಹೊಲಕ್ಕೆ ಹೋಗಲಿಲ್ಲ ಎಂದರೆ ನಿನ್ನೆಯ ಸಂಗತಿ, ಇವತ್ತು ಹೋಗಿರಬಹುದು. ‘ಸೋಮಾರಿ’ ಎಂದಾಗ ನಿನ್ನೆ, ಇವತ್ತು, ನಾಳೆಗಳೆಲ್ಲ ಒಂದೇ ಪದದಲ್ಲಿ ಮುಗಿದುಹೋಗುತ್ತವೆ. ಕನ್ನಡದ ಈ ನಾಮಪದ ವಾಕ್ಯ ಅತ್ಯಂತ ಸಹಜವಾದದ್ದು, ಸಂಕ್ಷಿಪ್ತವಾದದ್ದು. ಆದ್ದರಿಂದಲೇ ಮನುಷ್ಯನಿಗೆ ಹಣೆಪಟ್ಟಿ ಅಂಟಿಸುವುದಕ್ಕೆ ಅದರಷ್ಟು ಸುಲಭದ ಸಾಧನ ಮತ್ತೊಂದಿಲ್ಲ.

ಈ ಸಂದರ್ಭದಲ್ಲಿ ಒಂದು ಹೋಲಿಕೆ ಉಪಯುಕ್ತ. 1933ರಲ್ಲಿ ಪ್ರಕಟವಾದ ತನ್ನ ಬೃಹದ್ಗ್ರಂಥದಲ್ಲಿ ಆಲ್‌ಫ್ರೆಡ್ ಕೊರ್ಝಿಬ್‌ಸ್ಕಿ ಇಂಗ್ಲಿಷಿನ ‘ಈಸ್’ ಎಂಬ ಕ್ರಿಯಾಪದದ ಮೇಲೆ ದೊಡ್ಡ ಆಪಾದನೆಯನ್ನೇ ಹೊರಿಸಿದ್ದನು. ವ್ಯಕ್ತಿಯನ್ನೂ ಗುಣವನ್ನೂ ಒಂದೇ ಎಂದು ಸಮೀಕರಿಸುವ ದೋಷಕ್ಕೆ ಆ ಪದವೇ ಕಾರಣವೆಂಬುದು ಅವನ ವಾದ. ಅವನ ಅನುಯಾಯಿಯಾದ ಬೋರ್ಲೆಂಡ್ 1965ರಲ್ಲಿ ಆ ಕ್ರಿಯಾಪದವನ್ನು ಸಂಪೂರ್ಣವಾಗಿ ಕೈಬಿಟ್ಟ ಇಂಗ್ಲಿಷನ್ನೇ ಪ್ರತಿಪಾದಿಸಿದನು. ಕನ್ನಡಕ್ಕೆ ಈ ಚಿಕಿತ್ಸೆ ಒಗ್ಗುವುದಿಲ್ಲ. ಇಲ್ಲಿ ತೆಗೆದುಹಾಕಲು ಅಂಥ ಕ್ರಿಯಾಪದವೇ ಇಲ್ಲ. ಅದಿಲ್ಲದೆಯೇ ಸಮೀಕರಣ ನಡೆದುಹೋಗಿರುತ್ತದೆ. ರೋಗ ಇರುವುದು ಒಂದು ಪದದಲ್ಲಲ್ಲ, ಹೆಸರಿಡುವ ಕ್ರಿಯೆಯಲ್ಲಿ ಎಂಬುದಕ್ಕೆ ಕನ್ನಡವೇ ಸಾಕ್ಷಿ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹೆಸರಿಡು’ ಎಂಬುದಕ್ಕೆ ತಪ್ಪು ಎಣಿಸು, ಕೊಂಕು ಹುಡುಕು ಎಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು.

ಹೆಸರಿಡುವುದಕ್ಕೆ ಕನ್ನಡದಲ್ಲಿರುವ ಸಾಮಗ್ರಿಯಂತೂ ಹೇರಳ. ಮೋಸಗಾರ, ಜಗಳಗಂಟ, ಅಳುಬುರುಕ, ಹೊಟ್ಟೆಬಾಕ, ತಿಂಡಿಪೋತ, ನಾಚಿಕೆಗೇಡಿ, ಹಠಮಾರಿ, ಬಾಯಿಬಡುಕ, ಮುಂಗೋಪಿ ಎಂಬಂಥ ಪದಗಳನ್ನು ನೋಡಿದರೆ, ಒಮ್ಮೆ ಮಾಡಿದ ಕೆಲಸವನ್ನು ಹುಟ್ಟುಗುಣವಾಗಿ ಮಾರ್ಪಡಿಸುವ ಪ್ರತ್ಯಯಗಳೂ ಸಮಾಸಗಳೂ ಭಾಷೆಯಲ್ಲಿ ಎಷ್ಟು ಬಗೆಯಾಗಿ ಬೆಳೆದಿವೆ ಎಂಬುದು ತಿಳಿಯುತ್ತದೆ. ಮಗು ಅತ್ತಿತು ಎಂಬುದು ಕ್ರಿಯೆ. ‘ಅಳುಬುರುಕ’ ಎಂಬುದು ಆ ಮಗುವಿಗೆ ಶಾಲೆ ಬಿಡುವವರೆಗೂ ಅಂಟಿಕೊಳ್ಳುವ ನಾಮಧೇಯ. ಈ ಪದಕೋಶಕ್ಕೆ ಲಿಂಗಭೇದವೂ ಉಂಟು. ‘ಬಜಾರಿ’, ‘ಗಯ್ಯಾಳಿ’ ಎಂಬವುಗಳಿಗೆ ಪುಲ್ಲಿಂಗ ರೂಪವನ್ನು ಹುಡುಕಿದರೆ ಸಿಗುವುದಿಲ್ಲ. ಗಟ್ಟಿಯಾಗಿ ಮಾತನಾಡುವ ಗಂಡಸು ‘ಖಡಾಖಂಡಿತ ಮನುಷ್ಯ’ನೆನಿಸಿಕೊಳ್ಳುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರು ‘ಕಿರಿಗೂರಿನ ಗಯ್ಯಾಳಿಗಳು’ ಎಂಬ ಶೀರ್ಷಿಕೆಯಲ್ಲಿ ಆ ಬೈಗುಳವನ್ನು ಮುಂದಿಟ್ಟು, ಕಥೆ ಮುಗಿಯುವ ಹೊತ್ತಿಗೆ ಅದರ ಬೆಲೆಯನ್ನೇ ತಿರುವುಮುರುವು ಮಾಡಿದ್ದು ಈ ದೃಷ್ಟಿಯಿಂದ ಮತ್ತೆ ಓದಬೇಕಾದ ಸಂಗತಿ.

ನಾಮಪದದಷ್ಟು ಎದ್ದು ಕಾಣದಿದ್ದರೂ ಕ್ರಿಯಾಪದದಲ್ಲಿಯೂ ತೀರ್ಪು ಅಡಗಿರುತ್ತದೆ. ಕೈಜಾರಿ ಗಾಜಿನ ಲೋಟ ಬಿದ್ದ ಒಂದೇ ಘಟನೆಯನ್ನು ‘ಲೋಟ ಒಡೆಯಿತು’, ‘ಒಡೆದುಹೋಯಿತು’, ‘ಒಡೆದುಬಿಟ್ಟಳು’, ‘ಒಡೆದುಹಾಕಿದಳು’ ಎಂದು ನಾಲ್ಕು ರೀತಿ ಹೇಳಬಹುದು. ಮೊದಲನೆಯದರಲ್ಲಿ ಘಟನೆ ಮಾತ್ರ ಇದೆ. ಎರಡನೆಯದರಲ್ಲಿ ಹೇಳುವವರ ವಿಷಾದ ಸೇರಿದೆ. ಮೂರನೆಯದರಲ್ಲಿ ಕರ್ತೃ ಕಾಣಿಸಿಕೊಂಡು ತುಸು ಆಕ್ಷೇಪ ಇಣುಕುತ್ತದೆ. ನಾಲ್ಕನೆಯದು ಉದ್ದೇಶವನ್ನೇ ಆರೋಪಿಸಿ ತೀರ್ಪು ಕೊಟ್ಟುಬಿಡುತ್ತದೆ. ಲೋಟ ಒಡೆದವಳು ಮನೆಯ ಮಗಳೋ, ಸೊಸೆಯೋ, ಕೆಲಸದಾಕೆಯೋ ಎಂಬುದರ ಮೇಲೆ ಈ ನಾಲ್ಕರಲ್ಲಿ ಯಾವ ವಾಕ್ಯ ನಾಲಿಗೆಗೆ ಬರುತ್ತದೆ ಎಂಬುದು ನಿರ್ಧಾರವಾಗುವುದನ್ನು ಯಾವ ಮನೆಯಲ್ಲಿಯಾದರೂ ಗಮನಿಸಬಹುದು. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ನ್ಯಾಯ ಸಹಾಯಕ ಕ್ರಿಯಾಪದಗಳ ಮಟ್ಟದಲ್ಲಿಯೂ ನಡೆಯುತ್ತದೆ.

3

ಹೆಸರಿಡುವ ವಾಕ್ಯಕ್ಕೆ ಎದುರಾಗಿ ಕನ್ನಡದಲ್ಲಿ ಇನ್ನೊಂದು ವಾಕ್ಯಮಾದರಿ ಇದೆ. ನನಗೆ ಹಸಿವಾಯಿತು, ಅವಳಿಗೆ ದುಃಖವಾಯಿತು, ಅಪ್ಪನಿಗೆ ಕೋಪ ಬಂತು, ಮಗುವಿಗೆ ಹೆದರಿಕೆಯಾಗಿದೆ. ಇವುಗಳಲ್ಲಿ ಅನುಭವಿಸುವ ವ್ಯಕ್ತಿ ಪ್ರಥಮಾ ವಿಭಕ್ತಿಯಲ್ಲಿಲ್ಲ, ಚತುರ್ಥಿಯಲ್ಲಿದ್ದಾನೆ. ಚತುರ್ಥಿಯನ್ನು ಸಂಪ್ರದಾನಕಾರಕದೊಂದಿಗೆ ಜೋಡಿಸುವ ಸಾಂಪ್ರದಾಯಿಕ ವ್ಯಾಕರಣದ ಚೌಕಟ್ಟಿಗೆ ಈ ಪ್ರಯೋಗ ಸುಲಭವಾಗಿ ಒಗ್ಗುವುದಿಲ್ಲ. ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಪ್ರಯೋಗವೂ ಅಲ್ಲ. ಕಾಲಿನ್ ಮಸಿಕಾ 1976ರಲ್ಲಿ ಇದನ್ನು ದಕ್ಷಿಣ ಏಷ್ಯಾದ ಭಾಷೆಗಳನ್ನು ಒಂದು ವಲಯವಾಗಿ ಬೆಸೆಯುವ ಲಕ್ಷಣಗಳಲ್ಲಿ ಒಂದೆಂದು ಗುರುತಿಸಿದನು. ಕನ್ನಡದ ಚತುರ್ಥೀ ಕರ್ತೃಗಳನ್ನು ಕುರಿತು ಎಸ್. ಎನ್. ಶ್ರೀಧರ್ ಅವರು ಎಪ್ಪತ್ತರ ದಶಕದಲ್ಲಿ ವಿವರವಾಗಿ ಬರೆದಿದ್ದಾರೆ. ಆ ಚರ್ಚೆಗಳ ಕಾಳಜಿ ಕರ್ತೃ ಎಂದರೇನು ಎಂಬ ವ್ಯಾಕರಣದ ಪ್ರಶ್ನೆ. ಇಲ್ಲಿ ಮುಖ್ಯವಾಗುವುದು ಅದರ ಇನ್ನೊಂದು ಮುಖ.

‘ಅಪ್ಪ ಮುಂಗೋಪಿ’ ಎಂದಾಗ ಕೋಪ ಅಪ್ಪನ ಸ್ವಭಾವ. ‘ಅಪ್ಪನಿಗೆ ಕೋಪ ಬಂತು’ ಎಂದಾಗ ಕೋಪ ಎಲ್ಲಿಂದಲೋ ಬಂದದ್ದು. ಬಂದದ್ದು ಹೋಗಲೂಬಹುದು, ಬರುವುದಕ್ಕೆ ಕಾರಣವೂ ಇರಬಹುದು. ಈ ವಾಕ್ಯ ‘ಯಾಕೆ ಬಂತು?’ ಎಂಬ ಪ್ರಶ್ನೆಗೆ ಬಾಗಿಲು ತೆರೆದಿಡುತ್ತದೆ. ಮುಂಗೋಪಿ ಎಂದ ಮೇಲೆ ಆ ಪ್ರಶ್ನೆ ಕೇಳುವ ಪ್ರಮೇಯವೇ ಉಳಿಯುವುದಿಲ್ಲ. ಭಾವವನ್ನು ಮೈಯಲ್ಲಿಯೇ ಗುರುತಿಸುವ ನುಡಿಗಟ್ಟುಗಳೂ ಇದೇ ಜಾತಿಗೆ ಸೇರಿದವು. ಕರುಳು ಚುರುಕ್ಕೆನ್ನುವುದು, ಎದೆ ಧಸಕ್ಕೆನ್ನುವುದು, ಗಂಟಲು ಕಟ್ಟುವುದು, ಕೈಕಾಲು ಬಿದ್ದುಹೋಗುವುದು: ಇವುಗಳಲ್ಲಿ ಯಾವುದರ ವಿರುದ್ಧವೂ ವಾದ ಹೂಡಲು ಬರುವುದಿಲ್ಲ. ‘ನೀನು ಕಟುಕ’ ಎಂಬುದನ್ನು ಅಲ್ಲಗಳೆಯಬಹುದು. ‘ನಿನ್ನ ಮಾತು ಕೇಳಿ ನನಗೆ ಗಂಟಲು ಕಟ್ಟಿತು’ ಎಂಬುದನ್ನು ಅಲ್ಲಗಳೆಯಲಾಗದು. ಇಂಗ್ಲಿಷಿನಲ್ಲಿ ಯತ್ನಪೂರ್ವಕವಾಗಿ ಕಲಿಸಬೇಕಾದ ಎರಡನೆಯ ಹೆಜ್ಜೆ ಕನ್ನಡದಲ್ಲಿ ನಿತ್ಯಬಳಕೆಯ ವಾಕ್ಯವಾಗಿ ಸಿದ್ಧವಾಗಿದೆ.

ಆದರೆ ಪದಶಃ ಅನುವಾದ ಇಲ್ಲಿಯೇ ದಾರಿ ತಪ್ಪಿಸುತ್ತದೆ. ಭಾವವನ್ನು ಹೇಳಬೇಕೆಂಬ ಸೂಚನೆಯನ್ನು ‘ನನಗೆ ಅನ್ನಿಸುತ್ತದೆ’ ಎಂದು ಕನ್ನಡಿಸಿದರೆ ಹುಟ್ಟುವ ವಾಕ್ಯ ‘ನೀನು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂದು ನನಗೆ ಅನ್ನಿಸುತ್ತದೆ’ ಎಂಬಂಥದು. ಇದರಲ್ಲಿ ಚತುರ್ಥಿ ಇದೆ, ವಿನಯವೂ ಇದ್ದಂತಿದೆ. ಭಾವ ಮಾತ್ರ ಇಲ್ಲ. ಇರುವುದು ಎದುರಿನವನ ಮೇಲಿನ ಆಪಾದನೆ. ‘ಅನ್ನಿಸು’ ಎಂಬುದು ‘ಅನ್ನು’ ಧಾತುವಿಗೆ ಪ್ರೇರಣಾರ್ಥಕ ಪ್ರತ್ಯಯ ಸೇರಿ ಆದ ರೂಪ. ಒಳಗೊಳಗೇ ಹೇಳಿಕೊಳ್ಳುವಂತೆ ಮಾಡು ಎಂಬುದು ಅದರ ಮೂಲದ ಛಾಯೆ. ಆದ್ದರಿಂದ ಅದು ಅಭಿಪ್ರಾಯದ ಕ್ರಿಯಾಪದವೇ ಹೊರತು ಅನುಭವದ್ದಲ್ಲ. ಇದೇ ಬಗೆಯ ಜಾರುವಿಕೆಯ ಬಗ್ಗೆ ರೋಸೆನ್‌ಬರ್ಗ್ ಇಂಗ್ಲಿಷ್ ಮಾತುಗಾರರನ್ನು ಎಚ್ಚರಿಸಿದ್ದಾನೆ. ಕನ್ನಡದಲ್ಲಿ ಆ ಎಚ್ಚರವನ್ನು ಪದದ ವ್ಯುತ್ಪತ್ತಿಯೇ ಕೊಡುತ್ತದೆ.

ಮೂರನೆಯ ಹೆಜ್ಜೆಯಾದ ಅಗತ್ಯದ ವಿಷಯದಲ್ಲಿ ಕನ್ನಡದ ವ್ಯಾಕರಣ ಇನ್ನೂ ಸೂಕ್ಷ್ಮವಾದುದನ್ನು ತೋರಿಸುತ್ತದೆ. ‘ಬೇಕು’ ಎಂಬುದು ಕಾಲ, ಲಿಂಗ, ವಚನಗಳ ಹಂಗಿಲ್ಲದ ವಿಶಿಷ್ಟ ಕ್ರಿಯಾರೂಪ. ‘ನನಗೆ ಸಹಾಯ ಬೇಕು’ ಎನ್ನುವಲ್ಲಿ ಅದು ಅಗತ್ಯ. ‘ನೀನು ಸಹಾಯ ಮಾಡಬೇಕು’ ಎನ್ನುವಲ್ಲಿ ಅದೇ ಪದ ವಿಧಿ. ಮೊದಲನೆಯದರಲ್ಲಿ ಮಾತನಾಡುವವರು ಚತುರ್ಥಿಯಲ್ಲಿ ತಮ್ಮ ಕೊರತೆಯನ್ನು ತೆರೆದಿಡುತ್ತಾರೆ. ಎರಡನೆಯದರಲ್ಲಿ ಕೇಳುವವನು ಪ್ರಥಮೆಗೆ ಬಂದು ಕರ್ತವ್ಯಕ್ಕೆ ಕಟ್ಟುಬೀಳುತ್ತಾನೆ, ಹೇಳುವವರು ವಾಕ್ಯದಿಂದಲೇ ಮರೆಯಾಗುತ್ತಾರೆ. ವಯಸ್ಸಾದ ತಂದೆ ಮಗನಿಗೆ ‘ನೀನು ವಾರಕ್ಕೊಮ್ಮೆಯಾದರೂ ಫೋನು ಮಾಡಬೇಕು’ ಎಂದಾಗ ಮಗನಿಗೆ ಕೇಳಿಸುವುದು ಆಜ್ಞೆ, ಅದರೊಳಗಿನ ‘ಇದುವರೆಗೆ ಮಾಡಿಲ್ಲ’ ಎಂಬ ಆಕ್ಷೇಪ. ‘ನಿನ್ನ ದನಿ ಕೇಳಬೇಕು ನನಗೆ’ ಎಂದಿದ್ದರೆ ಕೇಳಿಸುತ್ತಿದ್ದುದು ಬೇರೆ. ಎರಡು ವಾಕ್ಯಗಳ ಹಿಂದಿನ ಆಸೆ ಒಂದೇ. ಆದರೆ ತನ್ನ ಬೇಕನ್ನು ‘ಬೇಕು’ ಎಂದು ಹೇಳಿಕೊಳ್ಳುವುದು ಸಣ್ಣತನವೆಂದೂ ಮಾಡಬೇಕಾದ್ದನ್ನು ವಿಧಿಸುವುದು ಹಿರಿತನವೆಂದೂ ತಿಳಿದ ಸಮಾಜದಲ್ಲಿ ಮೊದಲನೆಯ ವಾಕ್ಯವೇ ಹಿರಿಯರ ನಾಲಿಗೆಗೆ ಸುಲಭವಾಗಿ ಒದಗುತ್ತದೆ. ವ್ಯಾಕರಣ ಎರಡನ್ನೂ ಸಮನಾಗಿ ಕೊಟ್ಟಿದೆ. ಆಯ್ಕೆ ಮಾಡಿಸುತ್ತಿರುವುದು ಅಧಿಕಾರ.

4

ತನ್ನ ಭಾವವನ್ನು ಹೇಳಿಕೊಳ್ಳುವುದು ಒಂದು ಮುಖವಾದರೆ ಇನ್ನೊಬ್ಬರ ಭಾವವನ್ನು ಗ್ರಹಿಸುವುದು ಇನ್ನೊಂದು ಮುಖ. ಅದಕ್ಕೆ ಬೇಕಾದದ್ದು ಊಹೆ. ಊಹೆಯೆಂದು ಒಪ್ಪಿಕೊಂಡ ಊಹೆ. ‘ನಿನಗೆ ಹೊಟ್ಟೆಕಿಚ್ಚು’ ಎಂಬುದು ಎದುರಿನವನ ಮನಸ್ಸನ್ನು ಓದಿ ಮುಗಿಸಿದ ಧೋರಣೆ. ‘ನೊಂದಿರಬೇಕು’, ‘ದಣಿದಿರಬಹುದು’ ಎಂಬ ರೂಪಗಳು ತಪ್ಪಾಗಿದ್ದರೆ ತಿದ್ದುವ ಹಕ್ಕನ್ನು ಎದುರಿನವರಿಗೆ ಬಿಟ್ಟುಕೊಡುತ್ತವೆ. ಕನ್ನಡದ ಸಂಭಾವನಾರ್ಥಕ ರೂಪಗಳಾದ ‘ಹಸಿದಾನು’, ‘ಬೇಸತ್ತಾಳು’ ಎಂಬಂಥವು ಇಂದು ಬರವಣಿಗೆಯಲ್ಲಿ ವಿರಳವಾಗುತ್ತಿದ್ದರೂ ಆಡುಮಾತಿನಲ್ಲಿ ಉಳಿದಿವೆ. ‘ಪಾಪ, ಅವನೊಬ್ಬನೇ ಏನು ಮಾಡಿಯಾನು!’ ಎಂಬ ಉದ್ಗಾರದಲ್ಲಿ ಈ ರೂಪದ ಜೊತೆಗೆ ಇನ್ನೊಂದು ವಿಸ್ಮಯವೂ ಇದೆ. ‘ಪಾಪ’ ಎಂಬುದು ಸಂಸ್ಕೃತದಲ್ಲಿ ಧರ್ಮಶಾಸ್ತ್ರದ ಅತ್ಯಂತ ಕಠಿಣ ತೀರ್ಪಿನ ಪದ. ಕನ್ನಡದ ಆಡುಮಾತು ಅದನ್ನು ತೆಗೆದುಕೊಂಡು ಮರುಕದ ಅವ್ಯಯವಾಗಿ ಮಾಡಿಕೊಂಡಿದೆ. ಪಾಪಿ ಎಂದರೆ ದೂರ ಇಡಬೇಕಾದವನು; ಪಾಪ ಎಂದರೆ ಹತ್ತಿರ ಕರೆಯಬೇಕಾದವನು. ಒಂದು ಸ್ವರದ ವ್ಯತ್ಯಾಸದಲ್ಲಿ ಇಡೀ ಸಮಸ್ಯೆ ಇದೆ.

ಪ್ರಶ್ನೆ ಕೇಳುವ ಬಗೆಯೂ ಹೀಗೆಯೇ. ‘ಏನು ಮಾಡಿದೆ?’ ಎಂಬುದು ವಿಚಾರಣೆ, ‘ಏನಾಯಿತು?’ ಎಂಬುದು ಆಲಿಸುವಿಕೆ. ‘ಯಾಕೆ ಊಟ ಮಾಡಲಿಲ್ಲ?’ ಎಂಬುದು ಉತ್ತರವನ್ನು ವಸೂಲು ಮಾಡುತ್ತದೆ. ‘ಯಾಕೋ ಊಟ ಮಾಡಲಿಲ್ಲವಲ್ಲ’ ಎಂಬುದು ಹೇಳುವಂತಿದ್ದರೆ ಹೇಳು ಎಂದು ಕಾಯುತ್ತದೆ. ಒಂದು ಓಕಾರ ಇಷ್ಟು ಕೆಲಸ ಮಾಡುವುದನ್ನು ವ್ಯಾಕರಣ ಪಠ್ಯಗಳು ಸಂಶಯಾರ್ಥಕ ಎಂದಷ್ಟೇ ಗುರುತಿಸಿ ಮುಂದೆ ಹೋಗುತ್ತವೆ.

ಕನ್ನಡ ಕಾವ್ಯದಲ್ಲಿ ಇಂಥ ಒಂದು ಪ್ರಶ್ನೆಯೇ ಮಹಾಯುದ್ಧದ ಪಕ್ಷವನ್ನು ನಿರ್ಧರಿಸಿದ ಪ್ರಸಂಗವಿದೆ. ಕ್ರಿ.ಶ. 941ರ ಸುಮಾರಿಗೆ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಕಡೆಗೆ ಕರೆದಾಗ, ಕರ್ಣ ತಾನು ದುರ್ಯೋಧನನನ್ನು ಬಿಡಲಾರೆನೆನ್ನುವುದಕ್ಕೆ ಒಂದು ಹಳೆಯ ನೆನಪನ್ನು ಕಾರಣವಾಗಿ ಕೊಡುತ್ತಾನೆ. ಭಾನುಮತಿಯೊಂದಿಗೆ ಪಗಡೆಯಾಡಿದಾಗ ಆಕೆ ಸೋತಳು. ಪಣಕ್ಕಾಗಿ ಪೀಡಿಸುವಾಗ ಹಾರ ಹರಿದು ಮುತ್ತುಗಳು ಚೆಲ್ಲಿದವು. ಆ ಗಳಿಗೆಯಲ್ಲಿ ಬಂದ ದುರ್ಯೋಧನ ಯಾವ ಶಂಕೆಯೂ ಇಲ್ಲದೆ, ಇವುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಆ ಪದ್ಯದ ಅನ್ವಯದ ಬಗೆಗೆ, ಆಡಿದವರು ಯಾರು ಎಂಬುದರ ಬಗೆಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆಯೇ ನಡೆದಿದೆ. ಪ್ರಚಲಿತವಾದ ಅನ್ವಯವನ್ನು ಒಪ್ಪಿದರೆ, ಕಣ್ಣೆದುರಿನ ದೃಶ್ಯಕ್ಕೆ ದುರ್ಯೋಧನ ಕೊಡಬಹುದಾಗಿದ್ದ ಹೆಸರುಗಳು ಹಲವಿದ್ದವು. ಅವನು ಒಂದನ್ನೂ ಕೊಡಲಿಲ್ಲ. ಅವನು ಕಂಡದ್ದು ಚೆಲ್ಲಿದ ಮುತ್ತನ್ನು, ಅವರ ಮುಜುಗರವನ್ನು. ಕೇಳಿದ್ದು ಏನು ನೆರವು ಬೇಕೆಂಬುದನ್ನು. ಇಡೀ ಕಾವ್ಯದಲ್ಲಿ ಛಲಕ್ಕೆ ಹೆಸರಾದವನ ಬಾಯಲ್ಲಿ ಈ ಪ್ರಶ್ನೆಯನ್ನು ಇಟ್ಟದ್ದು, ಅದನ್ನು ಕರ್ಣನ ನೆನಪಿನ ಮೂಲಕವೇ ಕೇಳಿಸಿದ್ದು ಪಂಪನ ದೊಡ್ಡಸ್ತಿಕೆ.

ಆಲಿಸುವಿಕೆಯ ಮಾದರಿಯಾಗಿ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕಥೆಯನ್ನು ನೋಡಬಹುದು. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಮಾರಲು ಬರುವ ಮಂಗಮ್ಮ ತಾನು ಮೊಸರು ಹಾಕುವ ಮನೆಯ ಗೃಹಿಣಿಯ ಮುಂದೆ ಸೊಸೆಯೊಂದಿಗಿನ ಜಗಳವನ್ನು ಕಂತುಕಂತಾಗಿ ಹೇಳಿಕೊಳ್ಳುತ್ತಾಳೆ. ಮೊಮ್ಮಗನನ್ನು ಸೊಸೆ ಹೊಡೆದದ್ದು ಜಗಳಕ್ಕೆ ಮೊದಲು, ಮನೆ ಬೇರೆಯಾದದ್ದು ಅದರ ಕೊನೆ. ಈ ಗೃಹಿಣಿಯೇ ಕಥೆಯ ನಿರೂಪಕಿ. ಆಕೆ ಸಮಾಧಾನದ ಮಾತಾಡುತ್ತಾಳೆ, ಹೂಂಗುಟ್ಟುತ್ತಾಳೆ, ಮಂಗಮ್ಮನ ಬಗೆಗೆ ತನ್ನೊಳಗೇ ಯೋಚಿಸುತ್ತಾಳೆ. ಆದರೆ ಸೊಸೆಯನ್ನು ಖಂಡಿಸಿ ಮಂಗಮ್ಮನನ್ನು ಸಂತೋಷಪಡಿಸುವ ಸುಲಭದ ದಾರಿ ಹಿಡಿಯುವುದಿಲ್ಲ. ಹಾಗೆ ಹಿಡಿದಿದ್ದರೆ ಮುಂದೆ ಸೊಸೆ ನಂಜಮ್ಮನೇ ಅದೇ ಮನೆಯ ಬಾಗಿಲಿಗೆ ಬಂದು ತನ್ನ ಪಕ್ಷವನ್ನು ಹೇಳುವುದು ಸಾಧ್ಯವಾಗುತ್ತಿರಲಿಲ್ಲ. ನಂಜಮ್ಮನ ಮಾತು ಬಂದಾಗ ಮಂಗಮ್ಮನ ಮಾತು ಸುಳ್ಳಾಗುವುದಿಲ್ಲ. ಎರಡೂ ನೋವುಗಳು ಅಕ್ಕಪಕ್ಕದಲ್ಲಿ ಉಳಿಯುತ್ತವೆ. ಜನಪದ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟದಿದ್ದರೆ ಕಥೆ ಮುಂದೆ ಸಾಗದು. ಆ ‘ಹೂಂ’ ಒಪ್ಪಿಗೆಯಲ್ಲ, ವಿರೋಧವೂ ಅಲ್ಲ. ಕೇಳಿಸುತ್ತಿದೆ ಎಂಬುದರ ಗುರುತು. ರೋಜರ್ಸ್ ನಿಯಮವಾಗಿ ರೂಪಿಸಿದ್ದರ ಒಂದು ಪಾಲು ಈ ಏಕಾಕ್ಷರದಲ್ಲಿದೆ.

5

ಇಷ್ಟರಿಂದ ಕ್ರಿಯಾಪದದ ವಾಕ್ಯವೆಲ್ಲ ಸಹಾನುಭೂತಿ, ನಾಮಪದದ ವಾಕ್ಯವೆಲ್ಲ ಹಿಂಸೆ ಎಂದು ತೀರ್ಮಾನಿಸಿದರೆ ಅದೂ ಅವಸರದ ತೀರ್ಪೇ ಆಗುತ್ತದೆ. ಕರ್ತೃವನ್ನು ಮರೆಮಾಡುವ ವಾಕ್ಯ ಲೋಟದ ವಿಷಯದಲ್ಲಿ ದಯೆಯಾದರೆ ಅಧಿಕಾರದ ವಿಷಯದಲ್ಲಿ ನುಣುಚಿಕೊಳ್ಳುವಿಕೆ. ‘ಕಡತ ಕಳೆದುಹೋಗಿದೆ’, ‘ಲಾಠಿ ಪ್ರಹಾರ ನಡೆಯಿತು’, ‘ಅಚಾತುರ್ಯವಾಗಿದೆ’ ಎಂಬ ಕಚೇರಿಯ ಕನ್ನಡದಲ್ಲಿ ಎಲ್ಲವೂ ತಾನಾಗಿ ಆಗುತ್ತದೆ, ಮಾಡಿದವರು ಯಾರೂ ಇರುವುದಿಲ್ಲ. ನಡೆದದ್ದನ್ನು ಬೆಲೆಕಟ್ಟದೆ ಹೇಳುವುದೆಂದರೆ ಮಾಡಿದವರನ್ನು ಬಿಟ್ಟು ಹೇಳುವುದಲ್ಲ. ಇದಕ್ಕೆ ಮಗ್ಗುಲಾದ ಇನ್ನೊಂದು ಪ್ರಯೋಗ ‘ಅಂತೆ’. ‘ಅವಳು ತುಂಬ ಜೋರಂತೆ’ ಎಂಬಲ್ಲಿ ತೀರ್ಪು ಪೂರ್ತಿಯಾಗಿದೆ, ಹೊಣೆ ಮಾತ್ರ ಊರಿನದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ ಇದೆ. ಸಹಾನುಭೂತಿಯಿಂದ ಮಾತನಾಡು ಎಂಬ ಬುದ್ಧಿವಾದವನ್ನು ಸಮಾಜ ಯಾರಿಗೆ ಹೇಳುತ್ತದೆ? ‘ಹೊಂದಿಕೊಂಡು ಹೋಗು’, ‘ಹೊಟ್ಟೆಗೆ ಹಾಕಿಕೊ’ ಎಂಬುದು ಸೊಸೆಗೆ ಹೇಳುವ ಮಾತೇ ಹೊರತು ಅತ್ತೆಗಲ್ಲ; ಕೂಲಿಗೆ ಹೇಳುವ ಮಾತೇ ಹೊರತು ಧಣಿಗಲ್ಲ. 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನದ ಭಾಷೆ ತೀರ್ಪಿನ ಭಾಷೆಯೇ, ಸಿಟ್ಟಿನ ಭಾಷೆಯೇ. ಅಲ್ಲಿ ನುಡಿ ಒರಟಾಗಿದೆ ಎಂದು ದೂರುವುದು, ತಲೆಮಾರುಗಳ ಗಾಯವನ್ನು ಬಿಟ್ಟು ಕೂಗಿನ ಶ್ರುತಿಯನ್ನು ಪರೀಕ್ಷಿಸಿದಂತೆ. ಸಿಟ್ಟಿನ ತೀರ್ಪಿನೊಳಗೆ ಈಡೇರದ ಅಗತ್ಯವೊಂದು ಇರುತ್ತದೆ ಎಂಬ ರೋಸೆನ್‌ಬರ್ಗನ ಮಾತನ್ನು ಒಪ್ಪುವುದಾದರೆ, ಅದನ್ನು ಕೇಳಿಸಿಕೊಳ್ಳುವ ಶ್ರಮ ಬಲವುಳ್ಳವರದು. ನೊಂದವರು ಮೊದಲು ತಮ್ಮ ವಾಕ್ಯವನ್ನು ಚತುರ್ಥಿಗೆ ತಿದ್ದಿಕೊಂಡು ಬರಲಿ ಎಂಬ ಷರತ್ತು ಸಹಾನುಭೂತಿಯಲ್ಲ.

6

ಬಲವುಳ್ಳವರು ಎಂಬ ಮಾತು ಕನ್ನಡ ಅಧ್ಯಾಪಕರ ವಿಷಯದಲ್ಲಿಯೂ ನಿಜ. ತರಗತಿಯಲ್ಲಿ ನುಡಿಯ ಅಧಿಕಾರ ಅವರದು. ಅವರ ಕೈಗೆ ಪರಂಪರೆ ಕೊಟ್ಟಿರುವ ಪರಿಭಾಷೆಯೇ ತೀರ್ಪುಗಳಿಂದ ತುಂಬಿದೆ. ಅಪಭ್ರಂಶ ಎಂದರೆ ಜಾರಿಬಿದ್ದದ್ದು. ‘ಗ್ರಾಮ್ಯ’ ಎಂದರೆ ಹಳ್ಳಿಯದು. ಅಲಂಕಾರಶಾಸ್ತ್ರದಲ್ಲಿ ಅದೊಂದು ದೋಷದ ಹೆಸರು. ಹಳ್ಳಿಯಿಂದ ಬಂದ ವಿದ್ಯಾರ್ಥಿಯ ನುಡಿಗೆ ಗ್ರಾಮ್ಯ ಎಂದು ಕೆಂಪು ಶಾಯಿಯಲ್ಲಿ ಬರೆದಾಗ ಅವನ ಊರೇ ದೋಷವಾಯಿತು.

ಮೈಸೂರು, ಮಂಡ್ಯ ಭಾಗದ ಹಲವು ಮಕ್ಕಳು ಹಾಲಿಗೆ ‘ಆಲು’, ಹಲ್ಲಿಗೆ ‘ಅಲ್ಲು’, ಹೂವಿಗೆ ‘ಊವು’ ಎನ್ನುತ್ತಾರೆ. ‘ನಿನಗೆ ಶುದ್ಧ ಕನ್ನಡ ಬರುವುದಿಲ್ಲ’, ‘ನಾಲಿಗೆ ಹೊರಳುವುದಿಲ್ಲವೇ?’ ಎಂಬುದು ಅವರಿಗೆ ಸಿಗುವ ಸಾಮಾನ್ಯ ಪ್ರತಿಕ್ರಿಯೆ. ಅದರ ಬೆನ್ನಿಗೆ ತರಗತಿಯ ನಗು. ನಗುವಿಗೆ ಹೆದರಿದ ಮಗು ಎಲ್ಲೆಂದರಲ್ಲಿ ಹಕಾರ ಸೇರಿಸಿ ಅಕ್ಕಿಯನ್ನು ‘ಹಕ್ಕಿ’ ಮಾಡುತ್ತದೆ. ಆಗ ಇನ್ನೊಂದು ನಗು. ‘ಆದರದ ಸ್ವಾಗತ’ವನ್ನು ಕುರಿತ ಹಳೆಯ ನಗೆಹನಿ ಹುಟ್ಟಿದ್ದು ಇಂಥ ಹೆದರಿಕೆಯಿಂದಲೇ.

ಭಾಷಾಚರಿತ್ರೆಯನ್ನು ಓದಿದವರು ಈ ನಗುವಿನಲ್ಲಿ ಸೇರುವುದು ಕಷ್ಟ. ಹಳಗನ್ನಡದ ‘ಪಾಲ್’ ಎಂಬುದೇ ‘ಹಾಲು’ ಆದದ್ದು. ಪಲ್ ಹಲ್ಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಪದಾದಿಯ ಪಕಾರ ಹಕಾರವಾಗುವುದು ಹತ್ತನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಕಾಣಿಸಿಕೊಳ್ಳತೊಡಗಿ ನಡುಗನ್ನಡದ ಕಾಲಕ್ಕೆ ವ್ಯಾಪಕವಾಯಿತು; ತಮಿಳು, ತೆಲುಗು, ಮಲಯಾಳಗಳಲ್ಲಿ ಇಂದಿಗೂ ಪಕಾರವೇ ಉಳಿದಿದೆ. ತುಟಿಗಳು ಕೂಡಿ ಹುಟ್ಟುತ್ತಿದ್ದ ಧ್ವನಿ ಸಡಿಲಗೊಂಡು ಗಂಟಲಿನ ಉಸಿರಾಯಿತು; ಆ ಉಸಿರೂ ಸಡಿಲಗೊಂಡು ಮಂಡ್ಯದ ಮಗುವಿನ ನಾಲಿಗೆಯಲ್ಲಿ ‘ಆಲು’ ಆಗಿದೆ. ಪಂಪನ ಕಿವಿಯಿಂದ ಕೇಳಿದರೆ ‘ಹಾಲು’ ಎನ್ನುವ ಅಧ್ಯಾಪಕರೂ ‘ಆಲು’ ಎನ್ನುವ ಮಗುವೂ ಒಂದೇ ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ಮುಂದೆ ನಡೆಯುತ್ತಿರುವವರು.

ಹಾಗೆಂದು ಮಗುವಿಗೆ ಬರಹದ ಕನ್ನಡವನ್ನು ಕಲಿಸದೆ ಬಿಡುವುದು ಕರುಣೆಯಲ್ಲ. ಪರೀಕ್ಷೆ, ಉದ್ಯೋಗ, ಅರ್ಜಿಗಳೆಲ್ಲ ಆ ಕನ್ನಡದಲ್ಲಿಯೇ ಇವೆ. ಪ್ರಶ್ನೆ ಇರುವುದು ತಿದ್ದುವ ವಾಕ್ಯದಲ್ಲಿ. ‘ನಿಮ್ಮ ಮನೆಯ ಮಾತಿನಲ್ಲಿ ಈ ಪದದ ಮೊದಲಿಗೆ ಹಕಾರ ಕೇಳಿಸುವುದಿಲ್ಲ, ಪುಸ್ತಕದಲ್ಲಿ ಬರೆಯುವಾಗ ಹಾಕುತ್ತಾರೆ, ಎರಡನ್ನೂ ಒಮ್ಮೆ ಹೇಳು ನೋಡೋಣ’ ಎಂಬುದು ನಡೆದದ್ದನ್ನು ಹೇಳಿತು, ಬೇಕಾದ್ದನ್ನು ಕೇಳಿತು, ಮನೆಯನ್ನು ಹೀಗಳೆಯಲಿಲ್ಲ. ‘ಅಕ್ಷರ ಕೆಟ್ಟದಾಗಿದೆ’ ಎಂಬ ಷರಾ ಮಗುವಿಗೆ ಏನು ಮಾಡಬೇಕೆಂದು ತಿಳಿಸುವುದಿಲ್ಲ. ‘ಎರಡನೆಯ ಸಾಲಿನ ಒತ್ತಕ್ಷರಗಳು ಮೂರನೆಯ ಸಾಲಿನ ತಲೆಕಟ್ಟಿಗೆ ತಾಗಿವೆ, ನನಗೆ ಓದಲು ಕಷ್ಟವಾಯಿತು, ಒಂದು ಸಾಲು ಬಿಟ್ಟು ಬರೆಯುತ್ತೀಯಾ?’ ಎಂಬುದು ತಿಳಿಸುತ್ತದೆ. ಎರಡನೆಯದನ್ನು ಬರೆಯಲು ಮೂರು ಪಟ್ಟು ಹೊತ್ತು ಹಿಡಿಯುತ್ತದೆ ಎಂಬುದು ನಿಜ. ಒಂದೇ ಮಧ್ಯಾಹ್ನದಲ್ಲಿ ಅರವತ್ತು ಪುಸ್ತಕ ತಿದ್ದಬೇಕಾದವರಿಗೆ ಅದು ದುಬಾರಿ. ‘ಕೆಟ್ಟದಾಗಿದೆ’ ಎಂಬ ಒಂದು ಮಾತು ಹುಟ್ಟುವುದರಲ್ಲಿ ಅಧ್ಯಾಪಕರ ದಣಿವಿನ ಪಾಲೂ ಇದೆ. ತರಬೇತಿ ತರಗತಿಗಳಲ್ಲಿ ತಿದ್ದಿದ ಹತ್ತು ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಅವುಗಳ ಅಂಚಿನ ಷರಾಗಳಲ್ಲಿ ಕ್ರಿಯಾಪದವಿಲ್ಲದವು ಎಷ್ಟು ಎಂದು ಎಣಿಸಿ, ಅವುಗಳಲ್ಲಿ ಮೂರನ್ನು ಹೊಸದಾಗಿ ಬರೆದು, ಆಮೇಲೆ ಆ ಮೂರನ್ನು ಒಬ್ಬ ವಿದ್ಯಾರ್ಥಿಯಿಂದ ಗಟ್ಟಿಯಾಗಿ ಓದಿಸಿ ಕೇಳುವುದು ಒಂದು ಗಂಟೆಯ ಕೆಲಸ.